ತಮ್ಮನ ಸಿಇಟಿ ಸೀಟು: ಆಪ್ಷನ್ ಪಟ್ಟಿ ನಾವೇ ಮಾಡಿದ್ದು ಹೀಗೆ

ಸಿಇಟಿ ರಿಸಲ್ಟ್ ಬಂದ ವಾರ ಗದಗಿನಲ್ಲಿ ಯಾವ ಝೆರಾಕ್ಸ್ ಅಂಗಡಿಗೆ ಹೋದರೂ ಸಾಲು. ನಾಡಕಚೇರಿಯಲ್ಲೂ ಅದೇ ಗದ್ದಲ. ತಮ್ಮನ ಇಂಜಿನಿಯರಿಂಗ್ ಪ್ರವೇಶದ ಕೆಲಸ ನನ್ನ ಪಾಲಿಗೆ ಬಂದಾಗ ಈ ಸಾಲಿನಲ್ಲಿ ನಿಲ್ಲಬಾರದು ಅಂತ ಗಟ್ಟಿ ಮಾಡಿಕೊಂಡಿದ್ದೆ. ಅವನಿನ್ನೂ ಸೆಕೆಂಡ್ ಪಿಯುಸಿ ಓದುತ್ತಿರುವಾಗಲೇ ಕಾಗದಪತ್ರ ಮುಗಿಸಿದೆ. ರ‍್ಯಾಂಕ್ ಬಂದ ಮೇಲೆ ಉಳಿಯಬೇಕಾದ ತಲೆನೋವು ಒಂದೇ, ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ತುಂಬೋದು. ಬಹಳ ಮಂದಿ ಕೈಗೆ ಬರಬೇಕಾದ ಸೀಟು ಬಿಟ್ಟುಕೊಡುವುದು ಅಲ್ಲೇ.

ಕಾಗದಕ್ಕೆಲ್ಲ ತಳಪಾಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದರಲ್ಲಿ ಹೆಸರು ಹೇಗಿದೆಯೋ ಆಧಾರ್‌ನಲ್ಲೂ ಹಾಗೇ ಇರಬೇಕು, ಜಾತಿ ಪ್ರಮಾಣಪತ್ರದಲ್ಲೂ ಹಾಗೇ ಇರಬೇಕು. ನಮ್ಮದು 2ಎ, ಹಿಂದುಳಿದ ವರ್ಗಗಳ ಒಂದು ಪ್ರವರ್ಗ. ಜಾತಿ ಮತ್ತು ಆದಾಯ ಪ್ರಮಾಣಪತ್ರ ಒಟ್ಟಿಗೇ ಬರುತ್ತದೆ, ಅದರ ಮೇಲೆ ಆರ್‌ಡಿ ನಂಬರ್ ಇರುತ್ತದೆ. ಅರ್ಜಿಯಲ್ಲಿ ಆ ನಂಬರ್ ಹಾಕಿದರೆ ಸಿಇಟಿ ನಡೆಸಿ ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕಂಪ್ಯೂಟರ್ ತಾನೇ ತಾಳೆ ನೋಡುತ್ತದೆ. ಒಂದು ಅಕ್ಷರ ಆಚೀಚೆ ಆದರೂ ಆ ಮೀಸಲಾತಿ ಸಿಗುವುದು ಕಷ್ಟ.

ಗ್ರಾಮೀಣ ಕೋಟಾದ ಕಥೆ ಸ್ವಲ್ಪ ಬಿಡಿಸಿ ಹೇಳಬೇಕು. ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಶೇ. 15 ಸೀಟು. ತಮ್ಮ ಏಳನೆಯವರೆಗೆ ಓದಿದ್ದು ನಮ್ಮೂರ ಶಾಲೆಯಲ್ಲಿ, ಹೈಸ್ಕೂಲು ಮುಳಗುಂದದಲ್ಲಿ. ಅಪ್ಪನಿಗೆ ಇದು ಸಿಕ್ಕೇ ಸಿಗುತ್ತದೆ ಅನ್ನೋ ಭರವಸೆ. "ಮುಳಗುಂದ ಏನ್ ಬೆಂಗಳೂರೇನ ಮತ್ತ? ಹಳ್ಳೀನ ಅಲ್ಲೇನ ಅದು?" ಅಂದರು. ನೋಡೋದಕ್ಕೆ ಹಳ್ಳಿಯೇ. ಆದರೆ ಅಲ್ಲಿರುವುದು ಪಟ್ಟಣ ಪಂಚಾಯಿತಿ, ಹಾಗಾಗಿ ಲೆಕ್ಕಕ್ಕೆ ಹಳ್ಳಿ ಅಲ್ಲ. ಹತ್ತರಲ್ಲಿ ಒಂದು ವರ್ಷ ಇಂಥ ಊರಲ್ಲಿ ಓದಿದ್ದರೂ ಗ್ರಾಮೀಣ ಕೋಟಾ ಹೋದಂತೆ. ಮಗನನ್ನು ಎಂಟನೆಯದಕ್ಕೆ ಪೇಟೆ ಶಾಲೆಗೆ ಹಾಕುವವರು ಇದನ್ನು ಒಮ್ಮೆ ಯೋಚಿಸಲಿ.

ಕನ್ನಡ ಮಾಧ್ಯಮದ ಶೇ. 5 ಮಾತ್ರ ಉಳಿಯಿತು. ಅದಕ್ಕೆ ಊರು ಯಾವುದಾದರೂ ನಡೆಯುತ್ತದೆ, ಹತ್ತೂ ವರ್ಷ ಕನ್ನಡದಲ್ಲಿ ಓದಿದ್ದರೆ ಆಯಿತು. ಎರಡು ಶಾಲೆ ಆದ್ದರಿಂದ ಎರಡೂ ಕಡೆಯ ಹೆಡ್‌ಮಾಸ್ಟರ್ ಹತ್ತಿರ ವ್ಯಾಸಂಗ ಪ್ರಮಾಣಪತ್ರ ಬರೆಸಿ, ಬಿಇಒ ಮೇಲುರುಜು ಹಾಕಿಸಿದೆ. ಶಾಲೆ ರಜೆ ಬಿಡುವ ಮುಂಚೆ ಇದು ಮುಗಿದರೆ ಒಳ್ಳೆಯದು. ಮೇ ತಿಂಗಳಲ್ಲಿ ಹೆಡ್‌ಮಾಸ್ಟರ್ ಎಲ್ಲಿದ್ದಾರೆ ಅಂತ ಹುಡುಕುವ ಪಾಡು ಬೇಡ.

371 ಜೆ ಬಗ್ಗೆ ನಮ್ಮ ಜಿಲ್ಲೆಯವರು ಸುಮ್ನೆ ಆಸೆ ಇಟ್ಟುಕೊಳ್ಳುತ್ತಾರೆ. ಅದು ಸಂವಿಧಾನದ ಆ ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ಇರುವ ಮೀಸಲಾತಿ. ಮುಂಡರಗಿ ಕಡೆ ತುಂಗಭದ್ರೆ ದಾಟಿದರೆ ಹೂವಿನಹಡಗಲಿಗೆ ಉಂಟು, ಈಚೆ ದಂಡೆಗೆ ಇಲ್ಲ. ಬೇಜಾರೇ, ಆದರೆ ಏನು ಮಾಡೋಕಾಗುತ್ತದೆ.

ಇನ್ನು ಅರ್ಹತೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಸೇರಿ ಪಿಯುಸಿಯಲ್ಲಿ ಶೇ. 45 ಬೇಕು, ಮೀಸಲಾತಿ ಇದ್ದವರಿಗೆ ಶೇ. 40. ರ‍್ಯಾಂಕ್ ಲೆಕ್ಕದಲ್ಲಿ ಅರ್ಧ ಪಿಯುಸಿ ಅಂಕ, ಅರ್ಧ ಸಿಇಟಿ ಅಂಕ. ತಮ್ಮನಿಗೆ ಬಂದದ್ದು ಹಿಗ್ಗುವಂಥ ರ‍್ಯಾಂಕೂ ಅಲ್ಲ, ಅಳುವಂಥದ್ದೂ ಅಲ್ಲ. ಇಂಥ ನಡುವಿನ ರ‍್ಯಾಂಕಿನವರಿಗೇ ಆಪ್ಷನ್ ಪಟ್ಟಿ ಮುಖ್ಯ. ಟಾಪ್ ರ‍್ಯಾಂಕಿನವರಿಗೆ ಹೇಗೆ ಬರೆದರೂ ಒಂದು ಒಳ್ಳೆ ಸೀಟು ಸಿಗುತ್ತದೆ.

ಒಂದು ಆನ್‌ಲೈನ್ ಸೆಂಟರ್‌ನಲ್ಲಿ ವಿಚಾರಿಸಿದ್ದೆ. "ರ‍್ಯಾಂಕ್ ಹೇಳ್ರಿ, ಸಿಗೋ ಕಾಲೇಜು ಮ್ಯಾಲ ಹಾಕಿ ಕೊಡ್ತೀವಿ" ಅಂದರು. ಅಷ್ಟು ಕೇಳಿ ಎದ್ದು ಬಂದೆ. ಸಿಗೋ ಕಾಲೇಜನ್ನು ಮೇಲೆ ಹಾಕಲೇಬಾರದು. ಕಂಪ್ಯೂಟರ್ ಕೆಲಸ ಮಾಡುವುದು ಹೀಗೆ: ರ‍್ಯಾಂಕ್ ಪ್ರಕಾರ ನಿಮ್ಮ ಸರದಿ ಬಂದಾಗ ನಿಮ್ಮ ಪಟ್ಟಿಯನ್ನು ಮೇಲಿನಿಂದ ಓದುತ್ತದೆ. ಮೊದಲನೆಯದರಲ್ಲಿ ಸೀಟು ಇಲ್ಲವಾ, ಎರಡನೆಯದು ನೋಡುತ್ತದೆ. ಅಲ್ಲೂ ಇಲ್ಲವಾ, ಮೂರನೆಯದು. ಎಲ್ಲಿ ಸಿಕ್ಕಿತೋ ಅಲ್ಲಿಗೆ ನಿಲ್ಲುತ್ತದೆ, ಅದರ ಕೆಳಗೆ ಇರೋದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಸಿಗದ ಕಾಲೇಜನ್ನು ಮೇಲೆ ಬರೆದರೆ ನಷ್ಟ ಏನೂ ಇಲ್ಲ. ಸಿಗುವ ಕಾಲೇಜನ್ನು ಬೇಕಾದ ಕಾಲೇಜಿನ ಮೇಲೆ ಬರೆದರೆ ಬೇಕಾದದ್ದು ಹೋಯಿತು.

ಮನೆಯಲ್ಲಿ ಜಗಳ ಆಗಿದ್ದೂ ಇದಕ್ಕೇ. ಅಪ್ಪನಿಗೆ ಗದಗಿನ ತೋಂಟದಾರ್ಯ ಕಾಲೇಜು ಮೊದಲು ಇರಬೇಕು, ಮನೆಯಿಂದ ಓಡಾಡಬಹುದು ಅಂತ. ತಮ್ಮನಿಗೆ ಹುಬ್ಬಳ್ಳಿಯ ಬಿವಿಬಿಯೇ ಬೇಕು. ಅದೀಗ ಕೆಎಲ್‌ಇ ಟೆಕ್ ವಿಶ್ವವಿದ್ಯಾಲಯ, ಆದರೆ ನಮ್ಮ ಕಡೆ ಬಿವಿಬಿ ಅಂತಲೇ ಕರೆಯೋದು. ಹಳೇ ನೋಟ್‌ಬುಕ್ಕಿನ ಹಾಳೆ ಹರಿದು ಚೀಟಿ ಮಾಡಿದೆ. ಒಂದು ಚೀಟಿಗೆ ಒಂದೇ ಕಾಲೇಜು, ಒಂದೇ ಕೋರ್ಸು. ಪಡಸಾಲೆಯಲ್ಲಿ ಹರಡಿ ತಮ್ಮನಿಗೆ ಹೇಳಿದೆ: "ಎರಡೆರಡು ಚೀಟಿ ತೋರಸ್ತೀನಿ. ಎರಡೂ ಸೀಟು ಕೈಯಾಗ ಅದಾವ ಅಂತ ತಿಳ್ಕೊ. ಯಾವುದು ತಗೋತಿ?" ಅವನು ಆರಿಸಿದ್ದು ಮೇಲೆ, ಬಿಟ್ಟದ್ದು ಕೆಳಗೆ. ಹಾಗೆ ಸರಿಸುತ್ತಾ ಸರಿಸುತ್ತಾ ಪಟ್ಟಿ ತಾನಾಗಿಯೇ ಕೂತಿತು. ಬಿವಿಬಿ ಕಂಪ್ಯೂಟರ್ ಸೈನ್ಸ್, ಆಮೇಲೆ ಧಾರವಾಡದ ಎಸ್‌ಡಿಎಂ, ಕೆಳಗೆ ಹಾವೇರಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು, ಗದಗ, ಹೀಗೆ. ಫ್ಯಾನ್ ಹಾಕಿದರೆ ಚೀಟಿ ಹಾರುತ್ತವೆ ಅಂತ ಅವ್ವ ಸೆಖೆಯಲ್ಲೇ ಕೂತಿದ್ದಳು, ಬೈಯುತ್ತಾ.

ಪಟ್ಟಿ ಎಷ್ಟು ಉದ್ದ ಇರಬೇಕು ಅನ್ನೋದಕ್ಕೆ ಹಿಂದಿನ ವರ್ಷದ ಕಟ್‌ಆಫ್, ಅಂದರೆ ಒಂದೊಂದು ಕಡೆ ಕೊನೆಯ ಸೀಟು ಯಾವ ಸ್ಥಾನದವರಿಗೆ ಸಿಕ್ಕಿತ್ತು ಅಂತ ನೋಡಿದೆ. ಕೆಇಎ ಅದನ್ನು ಪ್ರಕಟಿಸುತ್ತದೆ. ಅದರಲ್ಲಿ 2ಎಜಿ, 2ಎಕೆ, 2ಎಆರ್ ಅಂತ ಬೇರೆ ಬೇರೆ ಕಾಲಂ ಇರುತ್ತವೆ. ಜಿ ಅಂದರೆ 2ಎ ಒಳಗಿನ ಸಾಮಾನ್ಯ, ಕೆ ಕನ್ನಡ ಮಾಧ್ಯಮ, ಆರ್ ಗ್ರಾಮೀಣ. ಎಲ್ಲರೂ ಜಿಎಂ, ಅಂದರೆ ಮೀಸಲಾತಿ ಇಲ್ಲದ ಜನರಲ್ ಮೆರಿಟ್ ಕಾಲಂ ನೋಡಿ ಕೈಚೆಲ್ಲುತ್ತಾರೆ. ನಾವು 2ಎಕೆ ನೋಡಿದೆವು, ಕೆಲವು ಕಡೆ ಆಸೆ ಬಂತು. ಆದರೆ ಕಟ್‌ಆಫ್ ನೋಡಬೇಕಾದದ್ದು ಪಟ್ಟಿಯ ಕೊನೆಗೆ ಗಟ್ಟಿ ಸೀಟು ಇದೆಯಾ ಅಂತ ತಿಳಿಯೋಕೆ ಮಾತ್ರ. ಮೇಲಿನ ಕ್ರಮ ಬದಲಾಯಿಸೋಕೆ ಅಲ್ಲ.

ನಿಜವಾದ ಸುತ್ತಿಗೆ ಮುಂಚೆ ಅಂದಾಜಿಗೆ ಮಾಡುವ ಅಣಕು ಹಂಚಿಕೆಯಲ್ಲಿ (ಮಾಕ್ ಅಲಾಟ್‌ಮೆಂಟ್) ಹಾವೇರಿ ಬಂತು. ಮೊದಲ ಸುತ್ತಿನಲ್ಲೂ ಹಾವೇರಿಯೇ. ಅಪ್ಪ "ಸಾಕು ಬಿಡು, ಸರ್ಕಾರಿ ಸೀಟು" ಅಂದರು. ಅಲ್ಲಿ ನಾಲ್ಕು ಚಾಯ್ಸ್ ಇರುತ್ತವೆ. ಒಂದು, ಇದೇ ಸಾಕು, ಸೇರುತ್ತೇನೆ. ಎರಡು, ಇದು ಇರಲಿ, ಮೇಲಿನದು ಸಿಕ್ಕರೆ ಕೊಡಿ. ಮೂರು, ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ನಾಲ್ಕು, ಯಾವುದೂ ಬೇಡ. ಮೂರನೆಯದು ಧೈರ್ಯವಂತರಿಗೆ, ಕೈಲಿದ್ದ ಸೀಟು ಬಿಟ್ಟು ಜೂಜಾಡಿದ ಹಾಗೆ. ನಾವು ಎರಡು ಒತ್ತಿದೆವು. ಎರಡರಲ್ಲಿ ಇನ್ನೊಂದು ಮಾತಿದೆ: ಮೇಲಿನ ಸೀಟು ಸಿಕ್ಕಿದ ಗಳಿಗೆಗೆ ಹಳೆಯದು ತಾನಾಗಿ ರದ್ದಾಗುತ್ತದೆ, ವಾಪಸ್ ಕೇಳೋ ಹಾಗಿಲ್ಲ. ಅದಕ್ಕೇ ಕೈಲಿರುವ ಸೀಟಿಗಿಂತ ಮೇಲೆ ಇರುವುದೆಲ್ಲ ನಿಜವಾಗಿ ಬೇಕಾದದ್ದೇ ಆಗಿರಬೇಕು. ಚೀಟಿ ಆಟ ಆಡಿದ್ದರಿಂದ ನಮಗೆ ಆ ಅನುಮಾನ ಇರಲಿಲ್ಲ.

ಎರಡನೇ ಸುತ್ತಿನಲ್ಲಿ ಧಾರವಾಡ ಬಂತು, ಇನ್‌ಫರ್ಮೇಶನ್ ಸೈನ್ಸ್. ಪ್ರವೇಶ ಆದೇಶ ಡೌನ್‌ಲೋಡ್ ಮಾಡಿ, ಎರಡೂ ಅಂಕಪಟ್ಟಿ, ಟಿಸಿ, ಪ್ರಮಾಣಪತ್ರದ ಮೂಲ ಪ್ರತಿ, ಫೋಟೋ ಹಿಡಿದು ಎಸ್‌ಡಿಎಂ ಕಾಲೇಜು ಇರುವ ಧವಳಗಿರಿಗೆ ಹೋದೆವು. ಮೂಲ ಟಿಸಿ ಕಾಲೇಜಿನಲ್ಲೇ ಉಳಿಯುತ್ತದೆ, ಕೊಡುವ ಮುಂಚೆ ಒಂದೆರಡು ಝೆರಾಕ್ಸ್ ಮಾಡಿಟ್ಟುಕೊಳ್ಳಿ. ಅದೇ ವಾರ ಹಿಂದುಳಿದ ವರ್ಗಗಳ ಹಾಸ್ಟೆಲ್‌ಗೂ ಸ್ಕಾಲರ್‌ಶಿಪ್ ಅರ್ಜಿ ಹಾಕುವ ರಾಜ್ಯದ ಪೋರ್ಟಲ್ ಎಸ್‌ಎಸ್‌ಪಿಗೂ ಏನೇನು ಕೇಳುತ್ತಾರೆ ಅಂತ ಓದಿಕೊಂಡೆವು. ಎರಡಕ್ಕೂ ಅದೇ ಆರ್‌ಡಿ ನಂಬರ್ ಬೇಕು. ಸ್ಕಾಲರ್‌ಶಿಪ್ ದುಡ್ಡು ಬರಬೇಕಾದರೆ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ತಮ್ಮನ ಖಾತೆಗೆ ಅದನ್ನು ಪಿಯುಸಿಯಲ್ಲೇ ಮಾಡಿಸಿದ್ದರಿಂದ ಬ್ಯಾಂಕಿಗೆ ಮತ್ತೆ ಹೋಗೋ ಕೆಲಸ ಬೀಳಲಿಲ್ಲ.