ಆಡಿಟ್ ಫಾರಂ ಬದಿಗಿಟ್ಟು ಅಜ್ಜಿಗೆ ಫೋನ್ ಮಾಡಿದ ಮೇಲೆ

ಇಂಗ್ಲೆಂಡಿನ ಒಂದು ಕೌನ್ಸಿಲ್ಲಿನ, ಅಂದರೆ ಸ್ಥಳೀಯ ಆಡಳಿತದ, ಮಕ್ಕಳ ಸೇವಾ ವಿಭಾಗದಲ್ಲಿ ಗುಣಮಟ್ಟದ ಹೊಣೆ ಹೊತ್ತು ನನಗೆ ಆರು ವರ್ಷವಾಯಿತು. ಕೇಸ್ ಫೈಲಿನ ಆಡಿಟ್ಟನ್ನು, ಅಂದರೆ ಒಂದು ಮಗುವಿಗಾಗಿ ಮಾಡಿದ ಕೆಲಸ ಹೇಗಿದೆ ಎಂಬ ಪರಿಶೀಲನೆಯನ್ನು, ಸೋಷಿಯಲ್ ವರ್ಕರ್ ಜೊತೆ ಕೂತು, ಆ ಮನೆಯವರ ಮಾತನ್ನೂ ಕೇಳಿಯೇ ಮಾಡಬೇಕೆಂದು ನಾನು ಮೊದಲು ಹೇಳಿದಾಗ, ಮ್ಯಾನೇಜರುಗಳಿಗೆ ಅಷ್ಟು ಬಿಡುವೆಲ್ಲಿದೆ ಎಂಬ ಉತ್ತರವೇ ಎಲ್ಲ ಕಡೆಯಿಂದ ಬಂದಿತ್ತು. ಈಗ ಆ ಪದ್ಧತಿ ನೆಲೆಯೂರಿದೆ. ಇದೇ ಕೆಲಸದಲ್ಲಿರುವ ಕನ್ನಡದ ಗೆಳೆಯರು ಹೇಗೆ ಮಾಡಿದಿರಿ ಎಂದು ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ.

ನಮ್ಮ ಹಳೆಯ ಫಾರಂನಲ್ಲಿ 60ಕ್ಕೂ ಹೆಚ್ಚು ಪ್ರಶ್ನೆಗಳಿದ್ದವು. ಅಸೆಸ್‌ಮೆಂಟ್ (ಮಗುವಿನ ಅಗತ್ಯಗಳ ಮೌಲ್ಯಮಾಪನ) 45 ಕೆಲಸದ ದಿನಗಳೊಳಗೆ ಮುಗಿದಿದೆಯೇ, ಮಕ್ಕಳ ರಕ್ಷಣಾ ಸಭೆ 15 ಕೆಲಸದ ದಿನಗಳೊಳಗೆ ಸೇರಿದೆಯೇ ಎಂದು ಕೇಳಿ ಟಿಕ್ ಹಾಕಿಸಿಕೊಳ್ಳುತ್ತಿದ್ದೆವು. ಹತ್ತರಲ್ಲಿ ಏಳು ಫೈಲುಗಳಿಗೆ 'ಉತ್ತಮ' ಎಂಬ ದರ್ಜೆ ಸಿಗುತ್ತಿತ್ತು. ಕೊಟ್ಟ ದರ್ಜೆಯನ್ನು ಮುಚ್ಚಿಟ್ಟು ನಾನೇ 20 ಫೈಲುಗಳನ್ನು ಮತ್ತೆ ಓದಿದಾಗ, ನನ್ನ ತೀರ್ಮಾನಕ್ಕೂ ಮ್ಯಾನೇಜರುಗಳ ತೀರ್ಮಾನಕ್ಕೂ ತಾಳೆಯಾದದ್ದು ಒಂಬತ್ತರಲ್ಲಿ ಮಾತ್ರ. ಇದನ್ನು ಸರಿಪಡಿಸಲು ಮೊದಲು ಹೊರಗಿನ ಆಡಿಟರುಗಳನ್ನು ಕರೆಸಿದೆವು. ಫೈಲೊಂದಕ್ಕೆ ಸುಮಾರು 250 ಪೌಂಡಿನಂತೆ 120 ಫೈಲುಗಳಿಗೆ 30,000 ಪೌಂಡ್ ಖರ್ಚಾಯಿತು, ದಪ್ಪನೆಯ ವರದಿಯೊಂದು ಕೈಗೆ ಬಂತು, ಆದರೆ ಅದರಲ್ಲಿದ್ದ ಸಲಹೆಗಳಲ್ಲಿ ಕಾಲು ಭಾಗವೂ ಜಾರಿಯಾಗಲಿಲ್ಲ. ಮರುವರ್ಷ ಅಂಕಿಅಂಶ ತೋರಿಸುವ ಬಣ್ಣಬಣ್ಣದ ಡ್ಯಾಶ್‌ಬೋರ್ಡಿಗೆಂದು ಇನ್ನೂ 18,000 ಹೋಯಿತು. ಆ ಹಣದಲ್ಲಿ ಅರ್ಧ ವರ್ಷವಾದರೂ ಒಬ್ಬ ಸೋಷಿಯಲ್ ವರ್ಕರನ್ನು ಇಟ್ಟುಕೊಳ್ಳಬಹುದಿತ್ತು ಎಂಬ ನೋವು ನನಗೆ ಇಂದಿಗೂ ಇದೆ.

ನನ್ನ ದಾರಿಯನ್ನು ಬದಲಿಸಿದ್ದು ಒಂದು ಕನ್ನಡಕ. ಅಜ್ಜಿಯ ಜೊತೆ ಬೆಳೆಯುತ್ತಿದ್ದ ಎಂಟು ವರ್ಷದ ಹುಡುಗಿಯ ಫೈಲಿನಲ್ಲಿ, ಕಣ್ಣಿನ ಪರೀಕ್ಷೆ ಆಗಿದೆ, ಆರೋಗ್ಯದ ಅಗತ್ಯಗಳು ಪೂರೈಕೆಯಾಗಿವೆ ಎಂದು ಬರೆದಿತ್ತು. ಫೈಲಿನ ದರ್ಜೆ 'ಉತ್ತಮ'. ಸೋಷಿಯಲ್ ವರ್ಕರ್ ನನ್ನ ಪಕ್ಕದಲ್ಲೇ ಇದ್ದಾಗ, ಅವರ ಒಪ್ಪಿಗೆ ಪಡೆದು, ಅಜ್ಜಿಗೆ ಫೋನ್ ಮಾಡಿದೆ. ಕನ್ನಡಕದ ಕಡ್ಡಿ ಮುರಿದು ಎರಡು ತಿಂಗಳಾಗಿದೆ, ಹೊಸದಕ್ಕೆ ಎಷ್ಟಾಗುತ್ತದೋ ಎಂದು ಹೆದರಿ ಸುಮ್ಮನಿದ್ದೇನೆ, ಮಗು ಬೋರ್ಡು ಕಾಣದೆ ಶಾಲೆಗೆ ಹೋಗಲು ಅಳುತ್ತಾಳೆ ಎಂದರು ಅವರು. 16 ವರ್ಷದೊಳಗಿನ ಮಕ್ಕಳ ಕನ್ನಡಕಕ್ಕೆ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ವೋಚರ್ ಇದೆ ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಆ ಸೋಷಿಯಲ್ ವರ್ಕರ್ ಅಲ್ಲೇ ಕೂತು ಕನ್ನಡಕದ ಅಂಗಡಿಗೆ ಫೋನ್ ಮಾಡಿದರು. ವಾರದೊಳಗೆ ಕನ್ನಡಕ ಬಂತು. ಶಾಲೆಗೆ ಗೈರುಹಾಜರಿಯ ಬಗ್ಗೆ ಅದೇ ಫೈಲಿನಲ್ಲಿ ಮೂರು ಸಭೆಗಳ ನಡಾವಳಿ ಇತ್ತು.

ಆಮೇಲೆ ಫಾರಂ ಎಂಟು ಪ್ರಶ್ನೆಗಳಿಗೆ ಇಳಿಯಿತು. ನಮ್ಮ 12 ಮಂದಿ ಟೀಮ್ ಮ್ಯಾನೇಜರುಗಳು ತಿಂಗಳಿಗೆ ತಲಾ ಒಂದು ಫೈಲನ್ನು, ಬೇರೆ ಟೀಮಿನದನ್ನು, ಆಯಾ ಸೋಷಿಯಲ್ ವರ್ಕರ್ ಜೊತೆ ಕೂತು ನೋಡುತ್ತಾರೆ. ಒಂದಕ್ಕೆ ಮೂರು ಗಂಟೆ ಎಂದರೆ ಒಟ್ಟು 36 ಗಂಟೆ, ಅಂದರೆ ಇಡೀ ವಿಭಾಗಕ್ಕೆ ತಿಂಗಳಿಗೆ ಒಬ್ಬರ ಒಂದು ವಾರದ ಕೆಲಸ. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದ ದಿನ ಬಿಡುವಿಲ್ಲವೆಂಬ ಮಾತು ನಿಂತಿತು. ಎಂಟು ವಾರ ಕಳೆದ ಮೇಲೆ ನಾನು ಅದೇ ಫೈಲನ್ನು ಮತ್ತೆ ತೆಗೆದು, ಒಪ್ಪಿಕೊಂಡ ಕೆಲಸ ಆಗಿದೆಯೇ ಎಂದು ನೋಡುತ್ತೇನೆ. ಈ ಎರಡನೆಯ ನೋಟವಿಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಫೈಲುಗಳನ್ನು ಆರಿಸುವ ನನ್ನ ಕ್ರಮವನ್ನೂ, ಮನೆಯವರನ್ನು ಕೊನೆಯಲ್ಲಿ ಕೇಳುವ ಒಂದು ಪ್ರಶ್ನೆಯನ್ನೂ ಇಲ್ಲಿ ಬರೆಯುವುದಿಲ್ಲ. ಮೊದಲೇ ಗೊತ್ತಾದರೆ ಅವು ಕೆಲಸ ಮಾಡುವುದಿಲ್ಲ.

ಮೊದಲ ನಾಲ್ಕು ತಿಂಗಳಲ್ಲಿ 'ಉತ್ತಮ' ದರ್ಜೆ 40 ಪ್ರತಿಶತಕ್ಕೆ ಕುಸಿಯಿತು. ಮಕ್ಕಳ ಸೇವೆಗಳನ್ನು ಪರಿಶೀಲಿಸುವ ಸರ್ಕಾರಿ ಸಂಸ್ಥೆ ಆಫ್‌ಸ್ಟೆಡ್‌ನ ತಪಾಸಣೆ ಹತ್ತಿರವಿದ್ದುದರಿಂದ ಮೇಲಧಿಕಾರಿಗಳು ಗಾಬರಿಯಾಗಿ, ಹಳೆಯ ಫಾರಂಗೆ ಮರಳೋಣವೆಂದರು. ನಾನು ಒಪ್ಪಲಿಲ್ಲ. ತಪಾಸಣೆಯವರು ಬಂದು ನಾವು ಆಡಿಟ್ ಮಾಡಿದ್ದ ಫೈಲುಗಳನ್ನೇ ತೆಗೆದಾಗ, ನಮ್ಮ ದರ್ಜೆಗಳಲ್ಲಿ ಒಂದನ್ನು ಬಿಟ್ಟು ಉಳಿದವನ್ನೆಲ್ಲ ಒಪ್ಪಿದರು. ಮುಚ್ಚಿಟ್ಟು ಓದುವ ಪರೀಕ್ಷೆಯಲ್ಲೂ ಈಗ 20ರಲ್ಲಿ 16, 17 ತಾಳೆಯಾಗುತ್ತವೆ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಭೇಟಿಯ ಟಿಪ್ಪಣಿಯನ್ನು ಮಗುವನ್ನೇ ಉದ್ದೇಶಿಸಿ, "ನೀನು ಇವತ್ತು ನನಗೆ ನಿನ್ನ ಕೋಣೆ ತೋರಿಸಿದೆ" ಎಂಬಂತೆ ಬರೆಯುವ ರೂಢಿ ಇಲ್ಲಿ ಹಲವು ಕಡೆ ಇದೆ. ನಮ್ಮಲ್ಲಿ ಏಳು ಮಂದಿ ಅದನ್ನು ಕೈಗೊಂಡರು. ಟಿಪ್ಪಣಿಗಳ ಉದ್ದ ಅರ್ಧಕ್ಕೆ ಇಳಿಯಿತು, ಮಗುವಿನ ಮಾತು ಎದ್ದು ಕಂಡಿತು. ಆದರೆ ಇಬ್ಬರು ಮಗುವಿನ ಮನಸ್ಸು ನೋಯಬಾರದೆಂದು ಮನೆಯಲ್ಲಿದ್ದ ಅಪಾಯವನ್ನೇ ಬರೆಯದೆ ಬಿಟ್ಟರು. ಹೀಗಾಗಿ 1989ರ ಮಕ್ಕಳ ಕಾಯ್ದೆಯ ಸೆಕ್ಷನ್ 47ರ ವಿಚಾರಣೆಗಳಲ್ಲಿ, ಅಂದರೆ ಮಗುವಿಗೆ ಗಂಭೀರ ಹಾನಿಯ ಶಂಕೆ ಇರುವಾಗ ನಡೆಸುವ ವಿಚಾರಣೆಗಳಲ್ಲಿ, ಹಳೆಯ ಶೈಲಿಯನ್ನೇ ಉಳಿಸಿಕೊಂಡಿದ್ದೇವೆ. ಕ್ರೊನಾಲಜಿಯನ್ನು, ಅಂದರೆ ಮಗುವಿನ ಬದುಕಿನ ಮುಖ್ಯ ಘಟನೆಗಳ ದಿನಾಂಕವಾರು ಪಟ್ಟಿಯನ್ನು, ಒಂದೇ ಪುಟಕ್ಕೆ ಇಳಿಸುವ ಪ್ರಯತ್ನ ಪೂರ್ತಿ ಸೋತಿತು.

ಈಗ ಕೈಯಲ್ಲಿರುವುದು ಕೌನ್ಸಿಲ್ಲಿನ ಆರೈಕೆಯಲ್ಲಿ ಬೆಳೆದು ಹೊರಬಂದ, 18ರಿಂದ 25ರೊಳಗಿನ ಯುವಕ ಯುವತಿಯರ ಫೈಲುಗಳು. ಗುರುತಿಲ್ಲದ ನಂಬರಿನಿಂದ ಕರೆ ಬಂದರೆ ಅವರು ಎತ್ತುವುದಿಲ್ಲ. ಹಿಂದಿನ ದಿನ ಅವರ ಸಲಹೆಗಾರರಿಂದಲೇ ಮೆಸೇಜ್ ಕಳುಹಿಸಿ, ಸಂಜೆ ಆರರ ಮೇಲೆ ಕರೆ ಮಾಡಿ ನೋಡುತ್ತಿದ್ದೇವೆ. ಹತ್ತರಲ್ಲಿ ನಾಲ್ವರು ಮಾತನಾಡುತ್ತಿದ್ದಾರೆ.