ಖಾಲಿ ಬಯಲಿನಿಂದ ಶುರು ಮಾಡಿ: ಸೌತ್‌ಸೀಯನ್ನು ಒಂದು ದಿನದಲ್ಲಿ ನೋಡುವುದು ಹೇಗೆ?

ಲಂಡನ್ನಿನಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋದವರು ಎರಡನೇ ವಾರಕ್ಕೆ ಕಿಟಕಿ ಪಕ್ಕ ಕೂತು ಬೇಸತ್ತಿರುತ್ತಾರೆ. ಅಂಥವರಿಗೆ ನಾನು ಹೇಳುವ ಊರು ಸೌತ್‌ಸೀ. ಪೋರ್ಟ್ಸ್‌ಮತ್ ನಗರದ ದಕ್ಷಿಣದಂಚಿನಲ್ಲಿರುವ ಕಡಲತೀರದ ಬಡಾವಣೆ. ವಾಟರ್‌ಲೂ ನಿಲ್ದಾಣದಿಂದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಬೆಳಿಗ್ಗೆ ಹೊರಟರೆ ರಾತ್ರಿ ಊಟಕ್ಕೆ ಮನೆಗೆ ವಾಪಸ್.

ಎಲ್ಲಿ ಇಳಿಯಬೇಕು?

‘ಪೋರ್ಟ್ಸ್‌ಮತ್ ಅಂಡ್ ಸೌತ್‌ಸೀ’ ಎಂಬ ನಿಲ್ದಾಣ ಬರುತ್ತದೆ. ಹೆಸರು ಕೇಳಿ ಅಲ್ಲೇ ಇಳಿಯಬೇಡಿ. ಅದು ಪೇಟೆಯ ನಡುವೆ ಇದೆ, ಸಮುದ್ರ ಕಾಣುವುದಿಲ್ಲ. ಕೊನೆಯ ನಿಲ್ದಾಣ ಪೋರ್ಟ್ಸ್‌ಮತ್ ಹಾರ್ಬರ್‌ವರೆಗೂ ಹೋಗಿ. ಅಲ್ಲಿಂದ ನೆಲದ ಕಲ್ಲುಗಳಲ್ಲಿ ಸರಪಳಿಯ ಚಿತ್ತಾರ ಇರುವ ಕಾಲುದಾರಿ ಸಿಗುತ್ತದೆ. ಹಿಂದೆ ಶತ್ರು ಹಡಗು ಒಳಗೆ ಬಾರದಂತೆ ಬಂದರಿನ ಬಾಯಿಗೆ ಅಡ್ಡಲಾಗಿ ದೊಡ್ಡ ಸರಪಳಿ ಕಟ್ಟುತ್ತಿದ್ದರು, ಅದರ ನೆನಪು. ಆ ಸರಪಳಿ ಹಿಡಿದು ಹಳೆಯ ಪೋರ್ಟ್ಸ್‌ಮತ್‌ನ ಕೋಟೆಗೋಡೆ ದಾಟಿದರೆ ಅರ್ಧ ಗಂಟೆಯಲ್ಲಿ ಕ್ಲಾರೆನ್ಸ್ ಪಿಯರ್ ಎಂಬ ಕಡಲಂಚಿನ ಆಟದ ತಾಣ. 1805ರ ಸೆಪ್ಟೆಂಬರ್ 14ರಂದು ಬ್ರಿಟಿಷ್ ನೌಕಾಪತಿ ನೆಲ್ಸನ್ ಟ್ರಫಾಲ್ಗರ್ ಯುದ್ಧಕ್ಕೆ ಹೊರಡಲು ದೋಣಿ ಹತ್ತಿದ್ದು ಈ ಆಸುಪಾಸಿನಲ್ಲೇ. ಈಗ ಅಲ್ಲಿ ಮಕ್ಕಳ ರೋಲರ್ ಕೋಸ್ಟರ್ ಕಿರುಚುತ್ತದೆ.

ಕಾಲಿಗೆ ಗಟ್ಟಿ ಶೂ ಇರಲಿ. ಇಲ್ಲಿಯ ತೀರದಲ್ಲಿ ಮರಳು ಅಪರೂಪ, ಹೆಚ್ಚಾಗಿ ಉರುಟು ಕಲ್ಲು. ಮಲ್ಪೆ ನೆನೆಸಿಕೊಂಡು ಚಪ್ಪಲಿ ಹಾಕಿಕೊಂಡು ಹೋದವಳು ನಾನು. ಸಂಜೆ ಹೊತ್ತಿಗೆ ಕುಂಟುತ್ತಿದ್ದೆ.

ಮೊದಲು ಬಯಲಿನ ನಡುವೆ ನಿಲ್ಲಿ

ಎಲ್ಲರೂ ನೇರ ನೀರಿನ ಕಡೆ ಓಡುತ್ತಾರೆ. ನೀವು ಸಮುದ್ರಕ್ಕೆ ಬೆನ್ನು ಹಾಕಿ. ಎದುರಿಗೆ ಅಗಲವಾದ ಹುಲ್ಲುಬಯಲು, ಅದರಾಚೆ ದೂರದಲ್ಲಿ ಮನೆಗಳ ಸಾಲು. ಇದು ಸೌತ್‌ಸೀ ಕಾಮನ್. ಇಂಗ್ಲೆಂಡಿನ ಬೇರೆ ಕಡಲೂರುಗಳಲ್ಲಿ ಹೋಟೆಲುಗಳು ನೀರಿಗೆ ಮುಖ ಕೊಟ್ಟು ಒತ್ತಿ ನಿಂತಿರುತ್ತವೆ. ಇಲ್ಲಿ ಮಾತ್ರ ಇಷ್ಟು ಬೆಲೆಬಾಳುವ ಜಾಗವನ್ನು ಸುಮ್ನೆ ಯಾಕೆ ಬಿಟ್ಟರು?

ಬಿಟ್ಟವರು ಸೈನ್ಯದವರು. ಪೋರ್ಟ್ಸ್‌ಮತ್ ಬ್ರಿಟಿಷ್ ನೌಕಾಪಡೆಯ ತವರು. ಕೋಟೆಯ ಫಿರಂಗಿ ಹಾರಿಸಿದರೆ ಗುಂಡಿಗೆ ಅಡ್ಡ ಏನೂ ಇರಬಾರದು. ದಂಡೆ ಹತ್ತಿ ಬಂದ ಶತ್ರುವಿಗೆ ಅವಿತುಕೊಳ್ಳಲು ಒಂದು ಗೋಡೆಯೂ ಸಿಗಬಾರದು. ಹಾಗಾಗಿ ಮನೆ ಕಟ್ಟಲು ಬಿಡಲಿಲ್ಲ. ಮೊದಲು ಇದು ಜೌಗು ನೆಲ. 1830ರ ದಶಕದಲ್ಲಿ ಕೈದಿಗಳ ಕೈಯಲ್ಲಿ ಸಮತಟ್ಟು ಮಾಡಿಸಿದರು. 1884ರಲ್ಲಿ ನಗರಸಭೆ ಇದನ್ನು ಗುತ್ತಿಗೆಗೆ ಪಡೆಯಿತು, 1922ರಲ್ಲಿ ಕೊಂಡೇಬಿಟ್ಟಿತು. ಈಗ ಗಾಳಿಪಟ, ಫುಟ್‌ಬಾಲ್, ನಾಯಿ ವಾಕಿಂಗ್. ಈ ಬಯಲಿನ ಕಥೆ ತಲೆಯಲ್ಲಿದ್ದರೆ ಮುಂದೆ ನೋಡುವುದೆಲ್ಲ ತಾನಾಗಿ ಕೂಡಿಕೊಳ್ಳುತ್ತದೆ.

ನಂತರ ಕೋಟೆ

ಬಯಲಿನ ಸಮುದ್ರದ ತುದಿಯಲ್ಲಿ ಕಪ್ಪು-ಬಿಳಿ ದೀಪಸ್ತಂಭ ಹೊತ್ತ ತಗ್ಗು ಕೋಟೆ ಸೌತ್‌ಸೀ ಕ್ಯಾಸಲ್. ಎಂಟನೇ ಹೆನ್ರಿ 1544ರಲ್ಲಿ ಕಟ್ಟಿಸಿದ್ದು. ಫ್ರೆಂಚರು ಬರುತ್ತಾರೆಂಬ ಭಯದಲ್ಲಿ ಅವಸರವಾಗಿ ಎದ್ದ ಕೋಟೆ. ಮರುವರ್ಷವೇ ಬಂದರು. 1545ರ ಜುಲೈ 19ರಂದು ರಾಜ ಈ ತೀರದಲ್ಲಿ ನಿಂತು ನೋಡುತ್ತಿದ್ದಂತೆಯೇ ಅವನ ಮೆಚ್ಚಿನ ಹಡಗು ಮೇರಿ ರೋಸ್ ವಾಲಿ ಮುಳುಗಿತು. ಹಡಗಿನಲ್ಲಿ ಸುಮಾರು 500 ಜನ ಇದ್ದರು. ಬದುಕಿದವರು 35ಕ್ಕೂ ಕಡಿಮೆ. 1982ರಲ್ಲಿ ಮೇಲೆತ್ತಿದ ಆ ಹಡಗಿನ ಅರ್ಧಭಾಗ ಈಗ ಬಂದರಿನ ಮ್ಯೂಸಿಯಂನಲ್ಲಿದೆ. ಅದಕ್ಕೆ ಇನ್ನೊಂದು ದಿನ ಬೇಕು, ಇವತ್ತೇ ತುರುಕಬೇಡಿ.

ಕೋಟೆ ಚಳಿಗಾಲದಲ್ಲಿ ಮುಚ್ಚಿರುತ್ತದೆ, ಮೊದಲೇ ವಿಚಾರಿಸಿ. ಒಳಗೆ ಹೋಗಲಾಗದಿದ್ದರೂ ಬೇಸರ ಬೇಡ, ಹೊರಗಿನ ಗೋಡೆಯ ಬಳಿ ನಿಂತು ಸಮುದ್ರ ನೋಡಿ. ನೀರಿನ ನಡುವೆ ಬಿಸ್ಕತ್ತಿನ ಡಬ್ಬದಂಥ ದುಂಡು ಕಟ್ಟಡಗಳು ಕಾಣುತ್ತವೆ. ಪ್ರಧಾನಿ ಪಾಮರ್‌ಸ್ಟನ್ ಕಾಲದಲ್ಲಿ, 1860ರ ದಶಕದಲ್ಲಿ, ಮತ್ತೆ ಫ್ರೆಂಚರ ಭಯಕ್ಕೇ ಕಟ್ಟಲು ಶುರು ಮಾಡಿದ ಸಮುದ್ರ ಕೋಟೆಗಳು ಅವು. ಮುಗಿಯುವಷ್ಟರಲ್ಲಿ ಭಯವೇ ಹೋಗಿತ್ತು. ‘ಪಾಮರ್‌ಸ್ಟನ್‌ನ ಮೂರ್ಖತನ’ ಎಂದು ಜನ ಹೆಸರಿಟ್ಟರು.

ಕೋಟೆಯ ಹತ್ತಿರವೇ ‘ದಿ ಡಿ-ಡೇ ಸ್ಟೋರಿ’ ಮ್ಯೂಸಿಯಂ ಇದೆ. ಒಂದಕ್ಕೆ ಮಾತ್ರ ಟಿಕೆಟ್ ಕೊಳ್ಳುವುದಾದರೆ ಇದಕ್ಕೇ ಕೊಳ್ಳಿ. ಡಿ-ಡೇ ಅಂದರೆ ಎರಡನೇ ಮಹಾಯುದ್ಧದಲ್ಲಿ ಮಿತ್ರಪಡೆಗಳು ಫ್ರಾನ್ಸಿನ ತೀರಕ್ಕಿಳಿದ ದಿನ. 1944ರ ಆ ನಾರ್ಮಂಡಿ ದಾಳಿಯನ್ನು 34 ಫಲಕಗಳಲ್ಲಿ, 83 ಮೀಟರ್ ಉದ್ದಕ್ಕೆ ಕಸೂತಿ ಹಾಕಿದ್ದಾರೆ. ಕಸೂತಿ ಗೊತ್ತಿರುವ ಹೆಂಗಸರು ಇಲ್ಲಿಂದ ಬೇಗ ಕದಲುವುದಿಲ್ಲ. ಹೊರಗೆ ನಿಂತಿರುವ ದೊಡ್ಡ ಹಡಗು ಎಲ್‌ಸಿಟಿ 7074. ಆ ದಾಳಿಯಲ್ಲಿ 10 ಟ್ಯಾಂಕ್ ಹೊತ್ತು ಫ್ರಾನ್ಸಿಗೆ ಹೋಗಿತ್ತು. ಯುದ್ಧ ಮುಗಿದ ಮೇಲೆ ಲಿವರ್‌ಪೂಲ್‌ನಲ್ಲಿ ನೈಟ್ ಕ್ಲಬ್ ಆಯಿತು, ಆಮೇಲೆ ಡಾಕ್‌ನಲ್ಲಿ ಮುಳುಗಿ ಕೂತಿತು. 2014ರಲ್ಲಿ ಎತ್ತಿ ರಿಪೇರಿ ಮಾಡಿ 2020ರಲ್ಲಿ ಇಲ್ಲಿಗೆ ತಂದರು.

ಮಧ್ಯಾಹ್ನ ಬೀದಿಗಳಿಗೆ ತಿರುಗಿ

ಪೂರ್ವಕ್ಕೆ ಸೌತ್ ಪರೇಡ್ ಪಿಯರ್, 1886ರ ಕನೂ ಲೇಕ್, ಹಂಸದಾಕಾರದ ಪೆಡಲ್ ದೋಣಿಗಳು. ಮೊಮ್ಮಕ್ಕಳು ಜೊತೆಗಿದ್ದರೆ ಹೋಗಿ, ಇಲ್ಲದಿದ್ದರೆ ಬಿಡಿ. ಬಯಲು ದಾಟಿ ಒಳಗಿನ ಬೀದಿಗೆ ಬನ್ನಿ.

ಹಳೆಯ ಪೋರ್ಟ್ಸ್‌ಮತ್ ಗೋಡೆಯೊಳಗಿನ ಇಕ್ಕಟ್ಟಿನ ಊರಾಗಿತ್ತು. ಕೈಯಲ್ಲಿ ನಾಲ್ಕು ಕಾಸಿದ್ದವರು ಹತ್ತೊಂಬತ್ತನೇ ಶತಮಾನದಲ್ಲಿ ಗೋಡೆಯಾಚೆ ಬಂದು ಮನೆ ಮಾಡಿದರು. ಕೋಟೆಯ ಹೆಸರೇ ಬಡಾವಣೆಗೂ ಬಂತು. ಥಾಮಸ್ ಎಲಿಸ್ ಓವನ್ ಎಂಬ ವಾಸ್ತುಶಿಲ್ಪಿ 1830ರ ನಂತರ ಬಿಳಿ ಗಾರೆಯ ಮನೆಗಳನ್ನು ಸಾಲಾಗಿ ಕಟ್ಟಿದ, ಊರಿನ ಮೇಯರ್ ಕೂಡ ಆದ. ಪೋರ್ಟ್‌ಲ್ಯಾಂಡ್ ಟೆರೇಸ್, ಸಸೆಕ್ಸ್ ಟೆರೇಸ್ ಹುಡುಕಿ. ಬೀದಿಗಳು ನೇರವಿಲ್ಲ, ಬಳುಕುತ್ತವೆ. ಮುಂದೆ ಏನಿದೆ ಎಂದು ತಿರುವಿನಲ್ಲೇ ಗೊತ್ತಾಗಬೇಕು. ಇಲ್ಲಿ ಗೂಗಲ್ ಮ್ಯಾಪ್ ಮುಚ್ಚಿಟ್ಟರೆ ಒಳ್ಳೆಯದು.

ಆಮೇಲೆ ಇಲ್ಲಿದ್ದ ಮೂವರು ಲೇಖಕರನ್ನು ಹುಡುಕಿಕೊಂಡು ಹೋಗಿ. ಮೂವರೂ ಆಗಿನ್ನೂ ಹೆಸರು ಮಾಡಿರಲಿಲ್ಲ. ಸಾಹಿತ್ಯದ ಪ್ರವಾಸ ಎಂದರೆ ನನಗೆ ಸಾಮಾನ್ಯವಾಗಿ ಆಕಳಿಕೆ, ಆದರೆ ಇವರು ಬೇರೆ.

ಕ್ಯಾಂಪ್‌ಬೆಲ್ ರಸ್ತೆಯ ಲಾರ್ನ್ ಲಾಡ್ಜ್ ಮನೆಯ ಗೋಡೆಯಲ್ಲೊಂದು ಫಲಕವಿದೆ. ಮುಂಬೈಯಲ್ಲಿ ಹುಟ್ಟಿ, ಮುಂದೆ ‘ಜಂಗಲ್ ಬುಕ್’ ಬರೆದ ರಡ್ಯಾರ್ಡ್ ಕಿಪ್ಲಿಂಗ್‌ನನ್ನು 1871ರಲ್ಲಿ, ಇನ್ನೂ ಆರು ತುಂಬದ ಮಗುವನ್ನು, ತಂಗಿಯ ಜೊತೆ ಇಲ್ಲಿ ಬಿಟ್ಟು ಅಪ್ಪ ಅಮ್ಮ ಇಂಡಿಯಾಕ್ಕೆ ಮರಳಿದರು. ಪರಿಚಯವೇ ಇಲ್ಲದವರ ಮನೆ. ಸುಮಾರು ಆರು ವರ್ಷ ಹುಡುಗ ನರಳಿದ, ಜೀವನವಿಡೀ ಅದನ್ನು ಮರೆಯಲಿಲ್ಲ. ಹತ್ತಿರದ ಇನ್ನೊಂದು ರಸ್ತೆಯ ಹೆಸರು ಔಟ್ರಮ್. ಕ್ಯಾಂಪ್‌ಬೆಲ್, ಔಟ್ರಮ್ ಎರಡೂ ನಾವು 1857ರ ಪಾಠದಲ್ಲಿ ಓದಿದ ಬ್ರಿಟಿಷ್ ಜನರಲ್‌ಗಳ ಹೆಸರು. ನಮ್ಮ ಕಡೆಯ ಸೋಲು ಅವರ ಬೀದಿಯ ಬೋರ್ಡಾಗಿ ನಿಂತಿದೆ ಅನ್ನಿಸಿ ಒಂದು ಗಳಿಗೆ ಅಲ್ಲೇ ನಿಂತೆ.

ಅಲ್ಲಿಂದ ಎಲ್ಮ್ ಗ್ರೋವ್ ರಸ್ತೆಗೆ ಬನ್ನಿ. 1882ರಲ್ಲಿ ಆರ್ಥರ್ ಕಾನನ್ ಡಾಯ್ಲ್ ಹತ್ತು ಪೌಂಡಿಗಿಂತ ಕಡಿಮೆ ದುಡ್ಡು ಇಟ್ಟುಕೊಂಡು ಇಲ್ಲಿ ಡಾಕ್ಟರಿಕೆ ಶುರು ಮಾಡಿದ. ರೋಗಿಗಳಿಗೆ ಕಾಣುವ ಕೋಣೆಗೆ ಮಾತ್ರ ಸಾಮಾನು. ಆಳು ಇಡಲು ಗತಿಯಿಲ್ಲ, ಹೆಸರಿನ ಹಿತ್ತಾಳೆ ಫಲಕವನ್ನು ಯಾರೂ ನೋಡದಂತೆ ರಾತ್ರಿ ತಾನೇ ಉಜ್ಜುತ್ತಿದ್ದ. ಬಿಡುವು ಬೇಕಾದಷ್ಟಿತ್ತು, ಅದರಲ್ಲೇ ಷರ್ಲಾಕ್ ಹೋಮ್ಸ್ ಹುಟ್ಟಿದ. ಆ ಮೊದಲ ಕಥೆಗೆ ಸಿಕ್ಕಿದ್ದು 25 ಪೌಂಡ್. ಅದೇ ರಸ್ತೆ ಮುಂದುವರಿದು ಕಿಂಗ್ಸ್ ರೋಡ್ ಆಗುತ್ತದೆ. ಅಲ್ಲಿಯ ಬಟ್ಟೆ ಅಂಗಡಿಯಲ್ಲಿ 1881ರಿಂದ 1883ರವರೆಗೆ ಮುಂದೆ ವಿಜ್ಞಾನ ಕಥೆಗಳಿಗೆ ಹೆಸರಾದ ಎಚ್.ಜಿ. ವೆಲ್ಸ್ ಎಂಬ ಹುಡುಗ ದಿನಕ್ಕೆ ಹದಿಮೂರು ಗಂಟೆ ದುಡಿದು, ರೋಸಿ ಬಿಟ್ಟುಹೋದ. ಇಬ್ಬರೂ ಒಂದೇ ರಸ್ತೆಯಲ್ಲಿ ಎದುರಾಗಿರಬಹುದು, ಅಲ್ವಾ?

ಆದರೆ ಡಾಯ್ಲ್‌ನ ಮನೆ ನೋಡಲು ಸಿಗುವುದಿಲ್ಲ. ಎರಡನೇ ಮಹಾಯುದ್ಧದ ಬಾಂಬು ಅದನ್ನು ತಿಂದುಹಾಕಿತು. 1941ರ ಜನವರಿ 10ರ ಒಂದೇ ರಾತ್ರಿ ಕಿಂಗ್ಸ್ ರೋಡ್, ಪಾಮರ್‌ಸ್ಟನ್ ರೋಡ್‌ಗಳ ಅಂಗಡಿ ಸಾಲುಗಳು ಹಾಳಾದವು. ಹಳೆಯ ಮನೆಗಳ ಸಾಲಿನಲ್ಲಿ ನಡುವೆ ಸಪ್ಪೆ ಕಟ್ಟಡವೊಂದು ಕಂಡರೆ, ಅಲ್ಲಿ ಬಾಂಬು ಬಿದ್ದಿತ್ತೇ ಎಂದು ಯಾರನ್ನಾದರೂ ಕೇಳಿ. ಎಷ್ಟೋ ಸಲ ಹೌದು ಅನ್ನುತ್ತಾರೆ.

ಸಂಜೆ ಮತ್ತೆ ತೀರಕ್ಕೆ

ಒಂದು ಪೊಟ್ಟಣ ಚಿಪ್ಸ್ ಕೊಂಡು ಕಾಮನ್ ದಾಟಿ ಕೋಟೆಯ ಬಳಿಗೆ ವಾಪಸ್ ಬನ್ನಿ. ಕಡಲಹಕ್ಕಿಗಳಿಂದ ಚಿಪ್ಸ್ ಕಾಪಾಡಿಕೊಳ್ಳಿ, ನನ್ನದು ಕೈಯಿಂದಲೇ ಹೋಯಿತು. ದಾರಿಯಲ್ಲಿ ಭಾರೀ ಸದ್ದು ಮಾಡುತ್ತಾ ಹೋವರ್‌ಕ್ರಾಫ್ಟ್ ನೀರಿನಿಂದ ನೇರ ದಂಡೆ ಹತ್ತುವುದು ಕಂಡರೆ ಐದು ನಿಮಿಷ ನಿಲ್ಲಿ. 1965ರಿಂದ ಎದುರಿನ ವೈಟ್ ದ್ವೀಪಕ್ಕೆ ಹೋಗಿ ಬರುತ್ತಿದೆ, ಹತ್ತೇ ನಿಮಿಷದ ದಾರಿ.

ಕೋಟೆಯ ಕೆಳಗಿನ ಕಲ್ಲುಗಳ ಮೇಲೆ ಕೂತು ಫ್ರಾನ್ಸಿಗೆ ಹೊರಡುವ ಫೆರ್ರಿಗೆ ಕಾಯಿರಿ. ಇಷ್ಟು ಅಗಲ ಸಮುದ್ರ ಇರುವಾಗ ಅದು ಆಚೆಯೆಲ್ಲೋ ಹೋಗುತ್ತದೆ ಅಂದುಕೊಂಡಿದ್ದೆ. ಇಲ್ಲ, ನೇರ ತೀರದ ಕಡೆಗೇ ಬಂದು, ಕಿಟಕಿಯ ದೀಪಗಳು ಕಾಣುವಷ್ಟು ಹತ್ತಿರದಲ್ಲಿ ಹಾದುಹೋಗುತ್ತದೆ. ಬಂದರಿಗೆ ಹೋಗುವ ಆಳದ ನೀರು ಈ ಕೋಟೆಯ ಬುಡದಲ್ಲೇ ಇದೆ. ಹೆನ್ರಿ ಫಿರಂಗಿ ಇಟ್ಟ ಜಾಗವೂ ಅದಕ್ಕೇ ಇದು.