ಇಬಿ-2ರಿಂದ ಇಬಿ-3ಕ್ಕೆ ಇಳಿದು, ಮತ್ತೆ ಮೇಲಕ್ಕೆ ಹತ್ತಿದ್ದು

2020ರ ಸೆಪ್ಟೆಂಬರ್ ಕೊನೆಯಲ್ಲಿ ಅಕ್ಟೋಬರ್ ತಿಂಗಳ ವೀಸಾ ಬುಲೆಟಿನ್ ಬಂತು. ಅಮೆರಿಕದ ಗ್ರೀನ್ ಕಾರ್ಡ್ ಸಾಲಿನಲ್ಲಿ ಯಾವ ದಿನಾಂಕದವರ ಸರದಿ ಅಂತ ಅಲ್ಲಿನ ಸರ್ಕಾರ ತಿಂಗಳು ತಿಂಗಳು ಹೊರಡಿಸುವ ಪಟ್ಟಿ ಅದು. ಕೆಲಸದ ಮೇಲೆ ಸಿಗುವ ಕಾರ್ಡಿಗೆ ಇಬಿ-1, ಇಬಿ-2, ಇಬಿ-3 ಅಂತ ಬೇರೆ ಬೇರೆ ಸಾಲು. ಇಬಿ-2 ಮೇಲಿನ ಡಿಗ್ರಿಯವರದು, ಇಬಿ-3 ಅದರ ಕೆಳಗಿನದು. ಯಾವ ದಿನಾಂಕದವರೆಗಿನವರು ಅರ್ಜಿ ಹಾಕಬಹುದು ಅಂತ ಹೇಳುವ ಫೈಲಿಂಗ್ ಚಾರ್ಟಿನಲ್ಲಿ ಭಾರತದ ಇಬಿ-3 ಒಂದೇ ನೆಗೆತಕ್ಕೆ 2015ರ ಜನವರಿ 1ಕ್ಕೆ ಬಂದು ಕೂತಿತ್ತು. ಇಬಿ-2 ಮಾತ್ರ 2011ರ ಮೇ 15ರಲ್ಲೇ ತೂಕಡಿಸುತ್ತಿತ್ತು. ನನ್ನದು ಇಬಿ-2, ಪ್ರಯಾರಿಟಿ ಡೇಟ್ (ಸಾಲಿಗೆ ಸೇರಿದ ದಿನಾಂಕ) 2014ರ ಅಕ್ಟೋಬರ್. ಅಡುಗೆಮನೆ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಆ ಸಾಲನ್ನು ನಾಲ್ಕು ಸಲ ಓದಿದೆ. ಒಲೆ ಮೇಲಿದ್ದ ಸಾರು ಉಕ್ಕಿ ಹರಿದದ್ದು ಆಮೇಲೆ ಗೊತ್ತಾಯಿತು.

"ಇಳಿದುಬಿಡೋಣ ರೀ" ಅಂದೆ.

ನಮ್ಮ ಯಜಮಾನರು ಕನ್ನಡಕ ಹಣೆಗೇರಿಸಿದರು. "ಎಂ.ಟೆಕ್ ಮಾಡಿ ಇಬಿ-3ಕ್ಕೆ ಇಳೀತೀಯೇನೇ? ಮುಂದಿನ ತಿಂಗಳು ಹಿಂದಕ್ಕೆ ಎಳೀತಾರೆ ನೋಡ್ತಿರು. ಆಗ ಅಲ್ಲೂ ಇಲ್ಲ, ಇಲ್ಲೂ ಇಲ್ಲ."

ಕನ್ನಡ ಕೂಟದ ಸ್ನೇಹಿತರೂ ಅದನ್ನೇ ಹಾಡಿದರು. ಒಬ್ಬರಂತೂ, ಇಬಿ-3 ಹಾಕಿದ ದಿನವೇ ಹಳೆಯ ಇಬಿ-2 ರದ್ದಾಗುತ್ತೆ ಅಂತ ಆಣೆ ಮಾಡಿ ಹೇಳಿದರು. ಅದು ಶುದ್ಧ ಸುಳ್ಳು. ಅದೇ ಪರ್ಮ್ (ಈ ಕೆಲಸಕ್ಕೆ ಅಮೆರಿಕದವರು ಸಿಗಲಿಲ್ಲ ಅಂತ ಕಾರ್ಮಿಕ ಇಲಾಖೆ ಕೊಡುವ ಒಪ್ಪಿಗೆ) ಮೇಲೆ ಎರಡನೇ ಐ-140 (ನಮ್ಮ ಪರವಾಗಿ ಕಂಪನಿ ಹಾಕುವ ಅರ್ಜಿ) ಹಾಕಬಹುದು, ಎರಡೂ ಒಟ್ಟಿಗೆ ಬದುಕಿರುತ್ತವೆ. ಈ ಒಂದು ಮಾತು ಗೊತ್ತಿಲ್ಲದೆ ಅಕ್ಟೋಬರ್ ಕಳೆದುಕೊಂಡವರನ್ನು ನಾನೇ ಮೂರ್ನಾಲ್ಕು ಜನ ಬಲ್ಲೆ.

ಆ ಹೊತ್ತಿಗೆ ನಾನು ಸಾಕಷ್ಟು ಪೆಟ್ಟು ತಿಂದಿದ್ದೆ ಅನ್ನಿ. 2010ರಲ್ಲಿ ಎಚ್-1ಬಿ ಕೆಲಸದ ವೀಸಾ ಮೇಲೆ ಡೆಟ್ರಾಯಿಟ್ ಪಕ್ಕಕ್ಕೆ ಬಂದವಳು, ಕೆಲಸ ಬ್ರೇಕ್ ಟೆಸ್ಟಿಂಗ್. ಮೊದಲ ಕಂಪನಿಯ ಹೆಸರು ಬೇಡ. ಪರ್ಮ್ ಖರ್ಚು ಅಂತ ಸಂಬಳದಲ್ಲಿ ಕಂತು ಕಂತಾಗಿ ಸುಮಾರು 4,500 ಡಾಲರ್ ಹಿಡಿದರು. ಪರ್ಮ್ ಖರ್ಚನ್ನು ಕಂಪನಿಯೇ ಕೊಡಬೇಕು, ನೌಕರರಿಂದ ಕಸಿಯುವ ಹಾಗಿಲ್ಲ ಅನ್ನುವ ನಿಯಮ 2007ರಿಂದಲೇ ಇತ್ತು ಅಂತ ಗೊತ್ತಾಗುವಾಗ ನಾನು ಅಲ್ಲಿಂದ ಹೊರಬಿದ್ದಾಗಿತ್ತು. ಆ ಪರ್ಮ್ ಆದರೂ ಪಾಸಾಯಿತೇ? ಆಡಿಟ್‌ಗೆ ಹೋಯಿತು. ಪರ್ಮ್‌ಗಾಗಿ ಭಾನುವಾರದ ಪತ್ರಿಕೆಗೆ ಕೊಟ್ಟ ಕೆಲಸದ ಜಾಹೀರಾತಿನಲ್ಲಿ ಬೇರೆ ಊರಿಗೆ ಓಡಾಡಬೇಕು ಅನ್ನುವ ಸಾಲೇ ಇರಲಿಲ್ಲ, ಅರ್ಜಿಯಲ್ಲಿ ಇತ್ತು. ವಜಾ. ಎರಡು ವರ್ಷ ನೀರಿಗೆ. 2014ರ ದಿನಾಂಕ ಸಿಕ್ಕಿದ್ದು ಎರಡನೇ ಕಂಪನಿಯಲ್ಲಿ.

ಇಬಿ-1ಎ (ಅಸಾಧಾರಣ ಪ್ರತಿಭೆಯವರ ಸಾಲು) ಪ್ರಯೋಗದ್ದು ಇನ್ನೂ ದುಬಾರಿ ಕಥೆ. 2018ರ ಕೊನೆಯಲ್ಲಿ ತಲೆಗೆ ಹುಳ ಹೊಕ್ಕಿತು. ನನ್ನದು ಐದಾರು ಪೇಪರ್ ಪ್ರಕಟವಾಗಿದ್ದವು, ಸಮ್ಮೇಳನಗಳಿಗೆ ಹದಿನೈದಿಪ್ಪತ್ತು ಪೇಪರ್ ರಿವ್ಯೂ ಮಾಡಿಕೊಟ್ಟಿದ್ದೆ, ಸಂಬಳವೂ ಪರವಾಗಿರಲಿಲ್ಲ. ಹತ್ತು ಮಾನದಂಡದಲ್ಲಿ ಮೂರು ದಾಟಿದರೆ ಸಾಕು ತಾನೇ ಅಂತ ಬೆರಳು ಮಡಚಿ ಎಣಿಸಿದೆ. ಪಾಸಾದರೆ 2014ರ ದಿನಾಂಕ ಜೊತೆಗೇ ಬರುತ್ತಿತ್ತು, ಮರುದಿನವೇ ಐ-485 (ಗ್ರೀನ್ ಕಾರ್ಡಿನ ಕೊನೆಯ ಅರ್ಜಿ) ಹಾಕಬಹುದಿತ್ತು. ವಕೀಲರಿಗೆ 9,500, ಅರ್ಜಿಗೆ 700, ಬೇಗ ತೀರ್ಮಾನಿಸುವ ಪ್ರೀಮಿಯಂಗೆ 1,410. ಎಲ್ಲ ಸೇರಿ ಹನ್ನೊಂದೂವರೆ ಸಾವಿರ ಡಾಲರ್ ಚಿಲ್ಲರೆ.

ಹದಿನಾಲ್ಕನೇ ದಿನ ಆರ್‌ಎಫ್‌ಇ, ಅಂದರೆ ಇನ್ನಷ್ಟು ಪುರಾವೆ ಕೊಡು ಅನ್ನುವ ಪತ್ರ ಬಂತು. ಉತ್ತರ ಕೊಟ್ಟೆ. ಮೂರು ಮಾನದಂಡ ಒಪ್ಪಿಕೊಂಡು, ಒಟ್ಟಾರೆ ತೂಕ ಹಾಕುವ ಎರಡನೇ ಮೆಟ್ಟಿಲಲ್ಲಿ ಕೈಬಿಟ್ಟರು. ಕೆಲಸ ಚೆನ್ನಾಗಿ ಮಾಡ್ತೀಯ, ಆದರೆ ಈ ಕ್ಷೇತ್ರದ ತುತ್ತತುದಿಯಲ್ಲಿರುವ ಬೆರಳೆಣಿಕೆಯವರಲ್ಲಿ ನೀನಿಲ್ಲ, ಇದು ಒಂಬತ್ತು ಪುಟದ ಸಾರಾಂಶ. ಓದಿದಾಗ ಉರಿಯಿತು. ಈಗ ಯೋಚಿಸಿದರೆ ಅವರು ಹೇಳಿದ್ದು ಸರಿಯೇ. ಆ ಹೊತ್ತಿನಲ್ಲಿ ಒಬ್ಬ ಮಹಾಶಯ ಫೋನ್ ಮಾಡಿ, 500 ಡಾಲರ್ ಕೊಟ್ಟರೆ ಅಂತರರಾಷ್ಟ್ರೀಯ ಪ್ರಶಸ್ತಿ ಕೊಡಿಸ್ತೀನಿ, ಫಲಕ ಮನೆಗೇ ಬರುತ್ತೆ ಅಂದಿದ್ದ. ಕೊಳ್ಳಲಿಲ್ಲ. ಕೊಂಡವರ ಫೈಲು ಏನಾಗುತ್ತಿದೆ ಅಂತ ಈಗೀಗ ಕೇಳ್ತಾ ಇದ್ದರೆ ಕೊಳ್ಳದ್ದೇ ಒಳ್ಳೆಯದಾಯಿತು ಅನಿಸುತ್ತೆ.

ಎನ್‌ಐಡಬ್ಲ್ಯು (ದೇಶದ ಹಿತದ ಹೆಸರಲ್ಲಿ ಕಂಪನಿ ಇಲ್ಲದೆ ಹಾಕುವ ಅರ್ಜಿ) ಹಾಕು ಅಂತ ಇನ್ನೊಬ್ಬ ವಕೀಲರು 6,000 ಕೇಳಿದರು. ಹಾಕಿದರೆ ಕಂಪನಿಯ ಹಂಗು ತಪ್ಪುತ್ತೆ, ಅದು ನಿಜ. ಆದರೆ ಅದೂ ಇಬಿ-2 ತಾನೇ. ನಿಲ್ಲುವುದು ಅದೇ ಸಾಲಲ್ಲಿ, ಅದೇ ಜಾಗದಲ್ಲಿ. ದುಡ್ಡು ಉಳಿಸಿಕೊಂಡೆ. ಬಂಡವಾಳ ಹೂಡಿ ಪಡೆಯುವ ಇಬಿ-5ಕ್ಕೆ ಆಗ 9 ಲಕ್ಷ ಡಾಲರ್. ತಿಪಟೂರಿನ ತೋಟ, ಮನೆ, ಅಟ್ಟದ ಮೇಲಿನ ಕೊಬ್ಬರಿಯನ್ನೆಲ್ಲ ಮಾರಿದರೂ ಮುಂಗಡಕ್ಕೆ ಸಾಲದು.

ಹೇಳದೆ ಬಿಡಬಾರದ ಒಂದು ದಾರಿ ಇದೆ. ನನ್ನ ಜೊತೆ ಕೆಲಸ ಮಾಡುವ ಉಡುಪಿ ಕಡೆಯ ಹುಡುಗ, ಅವನದು 2017ರ ದಿನಾಂಕ, ನನಗಿಂತ ಎರಡು ವರ್ಷ ಮೊದಲೇ ಕಾರ್ಡ್ ಜೇಬಿಗೆ ಹಾಕಿಕೊಂಡ. ಹೆಂಡತಿ ಹುಟ್ಟಿದ್ದು ಬಹರೈನ್‌ನಲ್ಲಿ. ಲೆಕ್ಕ ಹಿಡಿಯುವುದು ಹುಟ್ಟಿದ ದೇಶದಿಂದ, ಪಾಸ್‌ಪೋರ್ಟಿನಿಂದ ಅಲ್ಲ. ಗಂಡ ಹೆಂಡತಿಯಲ್ಲಿ ಒಬ್ಬರದು ಬೇರೆ ದೇಶವಾದರೆ ಇಬ್ಬರೂ ಆ ದೇಶದ ಸಾಲಿಗೆ ಹೋಗಬಹುದು. ಕರಾವಳಿಯವರಲ್ಲಿ ಕುವೈತ್, ಬಹರೈನ್, ದುಬೈನಲ್ಲಿ ಹುಟ್ಟಿದವರು ಎಷ್ಟು ಜನ! ಹಾಗಾಗಿ ಯಾರಾದರೂ ನನ್ನನ್ನು ಸಲಹೆ ಕೇಳಿದರೆ ಮೊದಲು ಕೇಳುವುದು ಡಿಗ್ರಿ ಅಲ್ಲ, "ನಿಮ್ಮನೆಯವರು ಹುಟ್ಟಿದ್ದೆಲ್ಲಿ?" ಅಂತ. ನಮ್ಮ ಯಜಮಾನರು ಹುಟ್ಟಿದ್ದು ಅರಸೀಕೆರೆಯಲ್ಲಿ. ಏನೂ ಪ್ರಯೋಜನವಿಲ್ಲ.

ಸರಿ, ಅಕ್ಟೋಬರ್‌ಗೆ ಬರೋಣ. ಕಂಪನಿಯ ವಕೀಲರು ಮೊದಲ ಇಮೇಲ್‌ಗೇ ಇಲ್ಲ ಅಂದರು: ಒಬ್ಬ ನೌಕರರಿಗೆ ಒಂದೇ ಐ-140, ಅದು ಪಾಲಿಸಿ. ಐ-140ರ ಫೀಸು, ಅದರ ವಕೀಲರ ಫೀಸು ನಾನೇ ಕೊಡ್ತೀನಿ ಅಂದೆ (ಪರ್ಮ್‌ಗೆ ಮಾತ್ರ ಹಾಗೆ ಕೊಡಬಾರದು). ಅದಕ್ಕೂ ಜಗ್ಗಲಿಲ್ಲ. ಆಮೇಲೆ ಎಚ್‌ಆರ್‌ಗೆ ಎರಡು ಪುಟದ ಪತ್ರ ಬರೆದೆ, ಹನ್ನೆರಡನೇ ತಾರೀಕು ಒಪ್ಪಿಗೆ ಬಂತು. ಆ ಪತ್ರದಲ್ಲಿ ಏನಿತ್ತು ಅನ್ನುವುದು ನನ್ನ ಹತ್ತಿರವೇ ಇರಲಿ. ನನ್ನ ಮ್ಯಾನೇಜರ್‌ಗೆ ಮಾತು ಕೊಟ್ಟಿದ್ದೇನೆ.

ಆಗ ಐ-944 ಅನ್ನುವ ಇನ್ನೊಂದು ಪೀಡೆ ಇತ್ತು. ಸರ್ಕಾರಕ್ಕೆ ಹೊರೆಯಾಗೋದಿಲ್ಲ ಅಂತ ತೋರಿಸಲು ಕ್ರೆಡಿಟ್ ರಿಪೋರ್ಟ್, ಬ್ಯಾಂಕು, ಮನೆ ಸಾಲ, ಇನ್ಶೂರೆನ್ಸ್, ಡಿಗ್ರಿ ಎಲ್ಲದರ ಕಾಗದ. 2021ರ ಮಾರ್ಚ್‌ನಲ್ಲಿ ಅದನ್ನು ತೆಗೆದರು, ನಮಗೇನು ಉಪಯೋಗ? ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ. ಹಾಗಾಗಿ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ) ಅಂತ ಬಿದ್ದಿದೆ. ಬ್ಯಾಂಕಿನಲ್ಲಿ ಅಪ್ಪನ ಹೆಸರು ಸೇರಿಸಿದ್ದೆ. ಕ್ರೆಡಿಟ್ ರಿಪೋರ್ಟಿನಲ್ಲಿ ನಾನು ಇಬ್ಬರು ಹೆಂಗಸರಾಗಿದ್ದೆ, ಒಬ್ಬಳಿಗೆ ಮನೆ ಸಾಲ, ಇನ್ನೊಬ್ಬಳಿಗೆ ಕಾರು. ಇಬ್ಬರೂ ಒಬ್ಬಳೇ ಅಂತ ಸಾಧಿಸಲು ಒಂದು ವಾರ ಹಿಡಿಯಿತು.

ನಿಜವಾದ ಹೆಣಗಾಟ ಜನನ ಪ್ರಮಾಣಪತ್ರದ್ದು. ನಾನು ಹುಟ್ಟಿದ್ದು 1982ರಲ್ಲಿ, ಅಜ್ಜಿ ಮನೆಯಲ್ಲಿ, ಸೂಲಗಿತ್ತಿಯ ಕೈಲಿ. ಯಾರೂ ಬರೆಸಿಲ್ಲ. ತಮ್ಮ ಕೊರೋನಾ ನಡುವೆ ಮಾಸ್ಕ್ ಹಾಕಿಕೊಂಡು ತಾಲ್ಲೂಕು ಕಚೇರಿಗೆ ಐದು ಸಲ ಅಲೆದು, ದಾಖಲೆ ಲಭ್ಯವಿಲ್ಲ ಅನ್ನುವ ಪತ್ರ ತಂದ. ಅದರ ಜೊತೆಗೆ ಅಮ್ಮನದೊಂದು, ಸೋದರಮಾವನದೊಂದು ಅಫಿಡವಿಟ್, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ. ಛಾಪಾ ಕಾಗದದ ಫೋಟೋ ವಾಟ್ಸಾಪಿನಲ್ಲಿ ಬಂತು, ಜೂಮ್ ಮಾಡಿ ನೋಡ್ತೀನಿ, ಅಮ್ಮನ ಹೆಸರು ಇಂಗ್ಲಿಷಿನಲ್ಲಿ ಅಂಕಪಟ್ಟಿಯಲ್ಲಿ ಒಂದು ಥರ, ನನ್ನ ಪಾಸ್‌ಪೋರ್ಟಿನಲ್ಲಿ ಇನ್ನೊಂದು ಥರ, ನೋಟರಿ ಟೈಪ್ ಮಾಡಿಸಿದ್ದು ಮೂರನೇ ಥರ. "ಅಕ್ಕಾ, ನೋಟರಿ ಊಟಕ್ಕೆ ಹೋಗಿದ್ದಾರೆ, ಇವತ್ತೇ ಬೇಕಾ?" ಅಂತ ತಮ್ಮ. ಇವತ್ತೇ ಬೇಕು. ಮೂರೂ ಹೆಸರು ಒಬ್ಬರವೇ ಅಂತ ಒಂದು ಸಾಲು ಸೇರಿಸಿ ಹೊಸ ಕಾಗದದಲ್ಲಿ ಮಾಡಿಸಿದೆ. ಮಾವ ಸಹಿ ಜೊತೆಗೆ ಹೆಬ್ಬೆಟ್ಟನ್ನೂ ಒತ್ತಿಬಿಟ್ಟಿದ್ದರು, ಇರಲಿ ಅಂತ.

ಅಕ್ಟೋಬರ್ 27ಕ್ಕೆ ಇಬಿ-3 ಐ-140, ಜೊತೆಯಲ್ಲೇ ಮೂವರ ಐ-485 ಹೊರಟವು. ಫೀಸು ಏರಿಕೆ ಅಕ್ಟೋಬರ್ 2ಕ್ಕೆ ಜಾರಿಯಾಗಬೇಕಿತ್ತು, ಅದಕ್ಕೆ ಮೂರು ದಿನ ಮುಂಚೆ ಕೋರ್ಟ್ ತಡೆ ಕೊಟ್ಟಿತ್ತು. ಹಾಗಾಗಿ ದೊಡ್ಡವರಿಗೆ 1,225, ಹನ್ನೆರಡು ವರ್ಷದ ಮಗಳಿಗೆ 750. ವಕೀಲರಿಗೆ ಹತ್ತಿರ ಹತ್ತಿರ 4,000. ಮೆಡಿಕಲ್ ಇಡಲಿಲ್ಲ. ಡಾಕ್ಟರ ಅಪಾಯಿಂಟ್‌ಮೆಂಟ್ ಸಿಗುತ್ತಿರಲಿಲ್ಲ ಅನ್ನುವುದು ಒಂದು, ಸಿಕ್ಕಿದರೂ ಆಗ ಅದು ಎರಡು ವರ್ಷಕ್ಕೆ ಹಳಸುತ್ತಿತ್ತು ಅನ್ನುವುದು ಇನ್ನೊಂದು. ಮೆಡಿಕಲ್ ಇಲ್ಲದಿದ್ದರೆ ಡಬ್ಬಿ ವಾಪಸ್ ಬರುತ್ತೆ ಅಂದರು ಎಲ್ಲರೂ. ಆಗ ಬರಲಿಲ್ಲ.

2021ರ ನಡುವೆ ಇಎಡಿ, ಅಂದರೆ ಕೆಲಸ ಮಾಡುವ ಪರವಾನಗಿ ಬಂತು. ಎಚ್-4 (ಎಚ್-1ಬಿಯವರ ಸಂಗಾತಿಯ ವೀಸಾ) ಇಎಡಿ ನವೀಕರಣಕ್ಕೆ ಕಾದು ಕಾದು ಕೆಲಸ ಬಿಟ್ಟಿದ್ದ ನಮ್ಮ ಯಜಮಾನರು ಅದೇ ವಾರ ಆಫೀಸಿಗೆ ಹೋದರು. ಇಳಿದದ್ದು ತಪ್ಪು ಅನ್ನುವ ಮಾತು ಅಲ್ಲಿಗೆ ನಿಂತಿತು.

ಆದರೆ ಇಬಿ-3ರ ಫೈನಲ್ ದಿನಾಂಕ (ಕಾರ್ಡೇ ಕೊಡುವ ಸರದಿಯ ದಿನಾಂಕ) 2012ರ ಆರಂಭಕ್ಕೆ ಬಂದು ಅಲ್ಲಾಡದೆ ಕೂತಿತು. ಇದು ನನಗೆ ಆಶ್ಚರ್ಯವಾಗಲಿಲ್ಲ, ಸ್ವಲ್ಪ ಜಂಬದಿಂದಲೇ ಹೇಳ್ತೀನಿ. ಮದುವೆ ಮನೆಯಲ್ಲಿ ಕೆಳಗಿನ ಹಾಲಿನಲ್ಲಿ ಎಲೆ ಖಾಲಿ ಇದೆ ಅಂದ ಕೂಡಲೇ ಜನ ಧಡಧಡ ಇಳಿದು ಓಡ್ತಾರಲ್ಲ, ಆಗ ಮೇಲಿನ ಹಾಲಿನಲ್ಲಿ ಕೂತವರಿಗೆ ಪಾಯಸ ಬೇಗ ಬರುತ್ತೆ. ಇಬಿ-2ರವರೆಲ್ಲ ಕೆಳಗಿಳಿದಿದ್ದರು. ಇಬಿ-1ರಲ್ಲಿ ಉಳಿದದ್ದು ಹರಿದು ಬರುವುದು ಇಬಿ-2ಕ್ಕೆ. ಕೊರೋನಾದಲ್ಲಿ ಕಾನ್ಸುಲೇಟ್‌ಗಳು ಮುಚ್ಚಿ, ಕುಟುಂಬದ ಕೋಟಾದಲ್ಲಿ ಮಿಕ್ಕಿದ್ದು ಈ ಕಡೆ ಬಂದು, ಸಾಧಾರಣವಾಗಿ 1,40,000 ಇರುವ ವೀಸಾ ಆ ವರ್ಷ 2,80,000ದ ಆಸುಪಾಸಿಗೆ ಏರಿತ್ತು. 2022ರ ಜುಲೈ ಬುಲೆಟಿನ್‌ನಲ್ಲಿ ಇಬಿ-2 2014ರ ಡಿಸೆಂಬರ್ 1ಕ್ಕೆ ಬಂತು. ನನ್ನ ಅಕ್ಟೋಬರ್ ಒಳಗಾಯಿತು.

ಹಾಕಿದ್ದ ಐ-485 ಅನ್ನು ಹಳೆಯ ಇಬಿ-2ಕ್ಕೆ ವರ್ಗಾಯಿಸುವ ಇಂಟರ್‌ಫೈಲ್ ಮಾಡೋಣ ಅಂದರೆ ವಕೀಲರು ಅವಸರ ಬೇಡ ಅಂದರು. ನಾನೇ ಕಟ್ಟಿದೆ: ಒಂದು ಪುಟದ ಕೋರಿಕೆ, ಕೆಲಸ ಇನ್ನೂ ಇದೆ ಅಂತ ಕಂಪನಿ ಸಹಿ ಮಾಡಿದ ಸಪ್ಲಿಮೆಂಟ್ ಜೆ, ಹಳೆಯ ಇಬಿ-2 ಅಪ್ರೂವಲ್ ಪ್ರತಿ, ಮತ್ತು ಮೂವರ ಹೊಸ ಮೆಡಿಕಲ್ ಲಕೋಟೆ, ಸೀಲ್ ಒಡೆಯದೆ. ಮೆಡಿಕಲ್ ಕೇಳುವವರೆಗೆ ಕಾಯಬೇಕು ಅನ್ನುವುದು ಎಲ್ಲರ ವಾದ. ಕೇಳಿ, ಕಳಿಸಿ, ಅದು ಫೈಲಿಗೆ ಸೇರುವಷ್ಟರಲ್ಲಿ ವೀಸಾ ವರ್ಷ ಮುಗಿಯುವ ಸೆಪ್ಟೆಂಬರ್ 30 ದಾಟಿದರೆ? ಯಜಮಾನರ ಟಿಬಿ ರಕ್ತಪರೀಕ್ಷೆ ಪಾಸಿಟಿವ್ ಬಂದು, ಎದೆ ಎಕ್ಸ್‌ರೇಗೆ ಮತ್ತೆ ಓಡಿ, ಅಲ್ಲೇ ಒಂಬತ್ತು ದಿನ ಹೋಯಿತು. ಮೂವರದೂ ಸೇರಿ 1,100 ಡಾಲರ್. ಇಂಟರ್‌ಫೈಲ್‌ಗಾಗಿಯೇ ಕೊಟ್ಟಿದ್ದ ಕ್ಯಾಲಿಫೋರ್ನಿಯಾದ ಮಾಂಟ್‌ಕ್ಲೇರ್ ವಿಳಾಸಕ್ಕೆ ಕೊರಿಯರ್. ಕಾಗದಗಳನ್ನು ಯಾವ ಕ್ರಮದಲ್ಲಿ ಜೋಡಿಸಿದೆ, ಮೇಲಿನ ಹಾಳೆ ಹೇಗಿತ್ತು ಅನ್ನುವುದನ್ನು ಬೇಕಾದವರಿಗೆ ಕಾಫಿ ಕುಡೀತಾ ಹೇಳ್ತೀನಿ.

ಆಗಸ್ಟ್ 29ಕ್ಕೆ ಅಪ್ರೂವ್. ಮಗಳದು ಮರುದಿನ. ಸೆಪ್ಟೆಂಬರ್ 6ಕ್ಕೆ ಆ ವರ್ಷದ ಇಬಿ-2 ವೀಸಾ ಪೂರ್ತಿ ಮುಗಿಯಿತು ಅಂತ ಪ್ರಕಟಣೆ ಬಂತು. ಅಕ್ಟೋಬರ್‌ನಲ್ಲಿ ದಿನಾಂಕ 2012ರ ಏಪ್ರಿಲ್‌ಗೆ ಬಿತ್ತು, ಡಿಸೆಂಬರ್‌ನಲ್ಲಿ 2011ಕ್ಕೆ. ನನ್ನ ಅಪ್ರೂವಲ್‌ಗೂ ವೀಸಾ ಮುಗಿದದ್ದಕ್ಕೂ ಎಂಟು ದಿನದ ಅಂತರ. ಅವಸರ ಬೇಡ ಅಂದ ವಕೀಲರ ಇನ್ನೊಬ್ಬ ಕಕ್ಷಿದಾರರು, ನನಗಿಂತ ಎರಡು ತಿಂಗಳು ಹಿಂದಿನ ದಿನಾಂಕದವರು, ಈಗಲೂ ಇಎಡಿ ನವೀಕರಿಸುತ್ತಲೇ ಇದ್ದಾರೆ.

ಈಗ ನನ್ನ ನಾದಿನಿಯ ಫೈಲು ನನ್ನ ಕೈಲಿದೆ. ಅವಳದು 2016ರ ದಿನಾಂಕ. ಇಬಿ-2, ಇಬಿ-3 ಎರಡೂ ಐ-140 ಮಾಡಿಸಿ ಇಟ್ಟಿದ್ದೇವೆ, ಯಾವ ಸಾಲು ಅಲ್ಲಾಡಿದರೂ ಅತ್ತ ಕಾಲಿಡಲು. ಫೀಸುಗಳು 2024ರ ಏಪ್ರಿಲ್‌ನಿಂದ ಏರಿವೆ, ಐ-485 ಒಂದಕ್ಕೇ 1,440, ಇಎಡಿಗೆ ಬೇರೆ. ಅದು ಹೇಗೋ ಹೊಂದುತ್ತೆ. ಅವಳ ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಬಿಟ್ಟಿದ್ದಾರೆ. ಅರಸೀಕೆರೆ ಕಚೇರಿಗೆ ಹೋಗಿ ಬಾರಪ್ಪ ಅಂತ ಭಾವನಿಗೆ ಹೇಳಿ ಮೂರು ತಿಂಗಳಾಯಿತು, ಸೋಮವಾರ ಹೋಗ್ತೀನಿ ಅಂದಿದ್ದಾರೆ.